ಓದುಗರ ಪ್ರಶ್ನೆ, ನಮ್ಮ ಉತ್ತರ: ಟ್ರ್ಯಾಕಿಗೆ ಜಿಟಿ3 ಆರ್‌ಎಸ್ಸೋ, 765ಎಲ್‌ಟಿಯೋ?

ಪ್ರಶ್ನೆ: ಸಾಧಾರಣ ಶಕ್ತಿಯ ಸ್ಪೋರ್ಟ್ಸ್ ಕಾರೊಂದರಲ್ಲಿ ಕೆಲವು ವರ್ಷಗಳಿಂದ ಟ್ರ್ಯಾಕ್ ಡೇಗಳಿಗೆ (ರೇಸ್ ಟ್ರ್ಯಾಕಿನಲ್ಲಿ ಸ್ವಂತ ಕಾರು ಓಡಿಸುವ ದಿನಗಳಿಗೆ) ಹೋಗುತ್ತಿದ್ದೇನೆ. ಈಗ ಅದನ್ನು ಬಿಟ್ಟು ಒಂದು ಸೂಪರ್‌ಕಾರ್ ಕೊಳ್ಳುವ ಯೋಚನೆಯಿದೆ. 2022ರಲ್ಲಿ ಬಂದ ಪೋರ್ಶೆ 911 ಜಿಟಿ3 ಆರ್‌ಎಸ್ ಮತ್ತು 2020ರಲ್ಲಿ ಬಂದ ಮೆಕ್ಲಾರೆನ್ 765ಎಲ್‌ಟಿ, ಈ ಎರಡರ ನಡುವೆ ಮನಸ್ಸು ತೂಗಾಡುತ್ತಿದೆ. ಮೆಕ್ಲಾರೆನ್‌ಗೆ 240 ಅಶ್ವಶಕ್ತಿ ಹೆಚ್ಚು, ತೂಕವೂ ಕಡಿಮೆ. ಹಾಗಿದ್ದರೂ ಟ್ರ್ಯಾಕಿಗೆ ಪೋರ್ಶೆಯೇ ಮೇಲು ಎನ್ನುವವರೇ ನನಗೆ ಹೆಚ್ಚಾಗಿ ಸಿಗುತ್ತಾರೆ. ಇದಕ್ಕೆ ಕಾರಣವಿದೆಯೇ, ಅಥವಾ ಇದು ಬರೀ ಹೆಸರಿನ ಮೇಲಿನ ಅಭಿಮಾನವೇ?

ಉತ್ತರ: ಕಾರಣವಿದೆ, ಆದರೆ ಅದು ಅಶ್ವಶಕ್ತಿಯ ಪಟ್ಟಿಯಲ್ಲಿ ಕಾಣುವಂಥದ್ದಲ್ಲ. ಮೊದಲು ತೂಕದ ಲೆಕ್ಕವನ್ನು ಸರಿಮಾಡಿಕೊಳ್ಳೋಣ. 765ಎಲ್‌ಟಿಯ ಬಗ್ಗೆ ಎಲ್ಲೆಡೆ ಕೇಳಿಬರುವ 1229 ಕಿಲೋ ಎಂಬುದು ಇಂಧನ, ಎಣ್ಣೆ, ಕೂಲೆಂಟ್ ಯಾವುದೂ ಇಲ್ಲದ ಒಣ ತೂಕ. ಅವೆಲ್ಲವನ್ನೂ ತುಂಬಿಸಿ, ಪೋರ್ಶೆ ತನ್ನ 1450 ಕಿಲೋವನ್ನು ಅಳೆಯುವ ಕ್ರಮದಲ್ಲೇ ಅಳೆದರೆ ಮೆಕ್ಲಾರೆನ್ 1339 ಕಿಲೋ ತೂಗುತ್ತದೆ. ವ್ಯತ್ಯಾಸ ಇನ್ನೂರಿಪ್ಪತ್ತೊಂದರಿಂದ ನೂರಹನ್ನೊಂದಕ್ಕೆ ಇಳಿಯಿತು. ಇದೂ ಸಣ್ಣದಲ್ಲ, ನಿಜ. ನಾಲ್ಕು ಲೀಟರಿನ ವಿ8 ಎಂಜಿನ್, ಅದಕ್ಕೆ ಹೆಚ್ಚು ಗಾಳಿ ತುಂಬುವ ಎರಡು ಟರ್ಬೊ, 765 ಅಶ್ವಶಕ್ತಿ, 800 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಇರುವ ಕಾರು ನೇರ ಹಾದಿಯಲ್ಲಿ 525 ಅಶ್ವಶಕ್ತಿಯ ಪೋರ್ಶೆಯನ್ನು ಹಿಂದೆ ಹಾಕುವುದರಲ್ಲಿ ಅನುಮಾನವೇ ಬೇಡ. ಗರಿಷ್ಠ ವೇಗವೂ ಮೆಕ್ಲಾರೆನ್ನಿನದು ಗಂಟೆಗೆ 330 ಕಿ.ಮೀ., ಪೋರ್ಶೆಯದು 296.

ಆದರೆ ಟ್ರ್ಯಾಕಿನಲ್ಲಿ ಗಳಿಸುವುದೂ ಕಳೆಯುವುದೂ ಹೆಚ್ಚಾಗಿ ತಿರುವಿನಲ್ಲಿ. ಅಲ್ಲಿ ಜಿಟಿ3 ಆರ್‌ಎಸ್‌ನ ಅಸಲಿ ಬಂಡವಾಳ ಗಾಳಿ. ಗಂಟೆಗೆ 200 ಕಿ.ಮೀ. ವೇಗದಲ್ಲಿ ಈ ಕಾರನ್ನು ಗಾಳಿಯು 409 ಕಿಲೋಗಳಷ್ಟು ಬಲದಿಂದ ನೆಲಕ್ಕೆ ಒತ್ತುತ್ತದೆ, 285ರಲ್ಲಿ ಆ ಒತ್ತಡ 860 ಕಿಲೋ ಆಗುತ್ತದೆ ಎಂದು ಪೋರ್ಶೆ ಹೇಳಿದೆ. ಛಾವಣಿಗಿಂತ ಎತ್ತರಕ್ಕೆ ನಿಂತ ಹಿಂದಿನ ರೆಕ್ಕೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಆದರೆ ಅದಕ್ಕೆ ಸಮನಾದ ಒತ್ತಡ ಮುಂದಿನ ಚಕ್ರಗಳ ಮೇಲೂ ಬೀಳದಿದ್ದರೆ ಕಾರು ವೇಗದ ತಿರುವಿನಲ್ಲಿ ಮೂಗು ತಿರುಗಿಸಲು ಒಪ್ಪುವುದಿಲ್ಲ. ಅದಕ್ಕಾಗಿಯೇ ಪೋರ್ಶೆ ಮೂರು ರೇಡಿಯೇಟರುಗಳ ಹಳೆಯ ಪದ್ಧತಿಯನ್ನು ಬಿಟ್ಟು, ಸಾಮಾನಿಡುವ ಜಾಗವನ್ನೇ ಬಲಿಕೊಟ್ಟು, ಅಲ್ಲಿ ಒಂದೇ ದೊಡ್ಡ ರೇಡಿಯೇಟರನ್ನು ಓರೆಯಾಗಿ ಕೂರಿಸಿತು. ಹಾಗೆ ತೆರವಾದ ಪಕ್ಕದ ಜಾಗದಲ್ಲಿ ಗಾಳಿಯನ್ನು ಹಿಡಿದು ಕೆಲಸಕ್ಕೆ ಹಚ್ಚುವ, ತಾವಾಗಿ ಹೊರಳುವ ಹಲಗೆಗಳು ಬಂದವು. ಬಾನೆಟ್ಟಿನ ಹೊಳ್ಳೆಗಳಿಂದ ಹೊರಬರುವ ಬಿಸಿಗಾಳಿ ಹಿಂದಿನ ಎಂಜಿನ್ ಸೇದುವ ಗಾಳಿಯೊಡನೆ ಬೆರೆಯದಂತೆ ಛಾವಣಿಯ ಮೇಲೆ ಸಣ್ಣ ಪಟ್ಟಿಗಳನ್ನು ನಿಲ್ಲಿಸಿ ಅದನ್ನು ಪಕ್ಕಕ್ಕೆ ಸರಿಸಿದ್ದಾರೆ. ನೋಡಲು ಅಲಂಕಾರದಂತಿರುವ ಆ ಪಟ್ಟಿಗಳ ಬೆಲೆ ಬೇಸಿಗೆಯ ಸೆಷನ್ನಿನಲ್ಲಿ ತಿಳಿಯುತ್ತದೆ.

ಇಲ್ಲೊಂದು ಎಚ್ಚರಿಕೆ. ಈ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ಆದ್ದರಿಂದ 200ರಲ್ಲಿ 409 ಇದ್ದದ್ದು 100ರಲ್ಲಿ ಹೆಚ್ಚು ಕಡಿಮೆ 100 ಕಿಲೋಗೆ ಇಳಿದಿರುತ್ತದೆ. ನೀವು ಓಡಿಸುವ ಟ್ರ್ಯಾಕು ಎರಡನೇ ಗೇರಿನ ಬಿಗಿ ತಿರುವುಗಳಿಂದಲೇ ತುಂಬಿದ್ದರೆ ಆ ದೊಡ್ಡ ರೆಕ್ಕೆಯಿಂದ ಸಿಗುವ ಲಾಭ ತೀರಾ ಕಡಿಮೆ. ಆಗ ನಿಮ್ಮನ್ನು ಹಿಡಿದಿಡುವುದು ಟೈರು ಮತ್ತು ಸಸ್ಪೆನ್ಷನ್ ಮಾತ್ರ. ಅಂಥ ಕಡೆ, ಅದರಲ್ಲೂ ರಸ್ತೆಯ ಮೈ ಉಬ್ಬುತಗ್ಗಾಗಿದ್ದು ಅಂಚಿನ ಕರ್ಬುಗಳ ಮೇಲೆ ಹತ್ತಿಳಿಯಬೇಕಾದ ಕಡೆ, ಮೆಕ್ಲಾರೆನ್ ತನ್ನ ಜಾಣತನ ತೋರಿಸುತ್ತದೆ. ತಿರುವಿನಲ್ಲಿ ಕಾರು ವಾಲದಂತೆ ಎಡಬಲದ ಚಕ್ರಗಳನ್ನು ಬೆಸೆಯುವ ಆಂಟಿ-ರೋಲ್ ಬಾರುಗಳು ಅದರಲ್ಲಿಲ್ಲ. ಚಕ್ರಗಳ ಕುಲುಕಾಟ ಹಿಡಿದಿಡುವ ನಾಲ್ಕೂ ಡ್ಯಾಂಪರುಗಳನ್ನು ದ್ರವದ ಕೊಳವೆಗಳಿಂದ ಒಂದಕ್ಕೊಂದು ಜೋಡಿಸಿ, ಕಾರು ವಾಲುವುದನ್ನು ತಡೆಯುತ್ತಲೇ ಒಂಟಿ ಚಕ್ರ ಉಬ್ಬು ಹತ್ತಿದಾಗ ಅದು ಸಲೀಸಾಗಿ ಮೇಲೇಳುವಂತೆ ಮಾಡಿದ್ದಾರೆ. ಸ್ಟೇರಿಂಗಿಗೆ ದ್ರವದೊತ್ತಡದ ನೆರವನ್ನೇ ಉಳಿಸಿಕೊಂಡಿರುವುದರಿಂದ ಮುಂದಿನ ಟೈರಿನ ಹಿಡಿತ ಸಡಿಲುವ ಸುದ್ದಿ ಅಂಗೈಗೆ ಬೇಗ ಮುಟ್ಟುತ್ತದೆ. ಈ ಒಂದು ವಿಷಯದಲ್ಲಿ ನನ್ನ ಮತ ಮೆಕ್ಲಾರೆನ್‌ಗೆ.

ಹಾಗಾದರೆ ಒಟ್ಟಿನಲ್ಲಿ ಪೋರ್ಶೆಯನ್ನೇಕೆ ಹೇಳುತ್ತೇನೆ? ತಿರುವಿನಿಂದ ಹೊರಬರುವ ಕ್ಷಣವನ್ನು ಗಮನಿಸಿ. ಮೆಕ್ಲಾರೆನ್ ತನ್ನ 800 ನ್ಯೂಟನ್ ಮೀಟರನ್ನು 305 ಮಿ.ಮೀ. ಅಗಲದ ಹಿಂದಿನ ಟೈರುಗಳ ಮೂಲಕ ನೆಲಕ್ಕಿಳಿಸಬೇಕು. ಪೋರ್ಶೆ 465 ನ್ಯೂಟನ್ ಮೀಟರನ್ನು ಇಳಿಸುವುದು 335 ಮಿ.ಮೀ. ಅಗಲದ ಟೈರುಗಳ ಮೂಲಕ, ಜೊತೆಗೆ ಎಂಜಿನ್ನಿನ ಭಾರವೂ ಅದೇ ಚಕ್ರಗಳ ಮೇಲೆ ಕುಳಿತಿರುತ್ತದೆ. ಟರ್ಬೊ ಇಲ್ಲದ, 9000 ಆರ್‌ಪಿಎಂವರೆಗೆ ಏರುವ ಆ ಎಂಜಿನ್ ಪಾದ ಎಷ್ಟು ಒತ್ತಿತೋ ಅಷ್ಟನ್ನೇ ಕೊಡುತ್ತದೆ. ಹೀಗಾಗಿ ಪೋರ್ಶೆಯ ಚಾಲಕ ತಿರುವಿನ ನಡುವೆಯೇ ಧೈರ್ಯವಾಗಿ ಆಕ್ಸಿಲರೇಟರ್ ಒತ್ತಲು ಆರಂಭಿಸಿದರೆ, ಮೆಕ್ಲಾರೆನ್ನಿನ ಚಾಲಕ ಟರ್ಬೊದ ಅಲೆ ಯಾವಾಗ ಎದ್ದುಬರುತ್ತದೆಂದು ಊಹಿಸುತ್ತ ಪಾದವನ್ನು ಹದದಲ್ಲಿ ಹಿಡಿದಿರಬೇಕಾಗುತ್ತದೆ. ನುರಿತವರಿಗೆ ಇದೇ ಮಜಾ. ಆದರೆ ಕಡಿಮೆ ಶಕ್ತಿಯ ಕಾರಿನಿಂದ ಮೇಲೆ ಬರುತ್ತಿರುವವರು ಆ ಹದ ಕಲಿಯುವ ಹೊತ್ತಿಗೆ ಒಂದೆರಡು ಜೊತೆ ಹಿಂದಿನ ಟೈರುಗಳು ಸವೆದಿರುತ್ತವೆ.

ಇನ್ನು ಬ್ರೇಕು. ಒಂದೇ ನೇರ ಹಾದಿಯ ತುದಿಗೆ ಪೋರ್ಶೆ 250ರಲ್ಲಿ, ಮೆಕ್ಲಾರೆನ್ 280ರಲ್ಲಿ ತಲುಪುತ್ತದೆ ಎಂದಿಟ್ಟುಕೊಳ್ಳಿ. ಹಗುರವಾಗಿದ್ದರೂ ಮೆಕ್ಲಾರೆನ್ ಹೊತ್ತುತರುವ ಚಲನಶಕ್ತಿ ಸುಮಾರು ಶೇಕಡಾ 16ರಷ್ಟು ಹೆಚ್ಚು. ಅದನ್ನು ಪ್ರತಿ ಲ್ಯಾಪಿನಲ್ಲೂ ಡಿಸ್ಕು, ಪ್ಯಾಡು, ಟೈರುಗಳೇ ಶಾಖವಾಗಿ ನುಂಗಬೇಕು. ಎರಡೂ ಕಾರುಗಳ ಹಿಂದಿನ ರೆಕ್ಕೆ ಜೋರು ಬ್ರೇಕಿನ ವೇಳೆ ಎದ್ದುನಿಂತು ಗಾಳಿಯ ತಡೆಯಾಗುತ್ತದೆ ಎಂಬುದು ನಿಜವಾದರೂ ಹೆಚ್ಚಿನ ಹೊರೆ ಚಕ್ರಗಳದ್ದೇ. ಟರ್ಬೊ ಎಂಜಿನ್ನಿನ ಒಳಗಾಳಿ ಕಾದಷ್ಟೂ ಅದರ ಕಂಪ್ಯೂಟರ್ ಶಕ್ತಿಯನ್ನು ತಗ್ಗಿಸುವುದು ಸಹಜ ಎಂಬುದನ್ನೂ ಇದರ ಜೊತೆಗೆ ಸೇರಿಸಿಕೊಳ್ಳಿ. ಮೊದಲ ಎರಡು ಲ್ಯಾಪುಗಳಲ್ಲಿ ಮೆಕ್ಲಾರೆನ್ ಎಬ್ಬಿಸುವ ರೋಮಾಂಚನಕ್ಕೆ ಪೋರ್ಶೆಯಲ್ಲಿ ಸಾಟಿಯಿಲ್ಲ. ಆದರೆ ಸೆಷನ್ನಿನ ಹದಿನೆಂಟನೇ ನಿಮಿಷದಲ್ಲೂ ಮೊದಲಿನಂತೆಯೇ ಇರುವುದು ಪೋರ್ಶೆ. ಅಳತೆಗೆ ಸಿಕ್ಕ ಒಂದು ಸಮಯವನ್ನೂ ಹೇಳಬಹುದು: 2022ರ ಅಕ್ಟೋಬರಿನಲ್ಲಿ ರೇಸ್ ಚಾಲಕ ಯೋರ್ಗ್ ಬರ್ಗ್‌ಮೈಸ್ಟರ್ ಈ ಪೋರ್ಶೆಯನ್ನು ಜರ್ಮನಿಯ ನೂರ್ಬುರ್ಗ್‌ರಿಂಗ್ ಟ್ರ್ಯಾಕಿನ 20.8 ಕಿ.ಮೀ. ಹಾದಿಯಲ್ಲಿ 6 ನಿಮಿಷ 49.328 ಸೆಕೆಂಡಿನಲ್ಲಿ ಸುತ್ತಿದರು. ಆದರೆ ವೃತ್ತಿಪರ ಚಾಲಕನ ಒಂದು ಲ್ಯಾಪಿನ ಮೇಲೆ ನೀವು ನಿರ್ಧಾರ ಮಾಡಬೇಡಿ.

ಉದ್ದನೆಯ ನೇರ ಹಾದಿಗಳಿರುವ ಟ್ರ್ಯಾಕು ನಿಮ್ಮದಾಗಿದ್ದು, ಟ್ರ್ಯಾಕಿನ ಹೊರಗೂ ಕಾರನ್ನು ದೂರದೂರ ಓಡಿಸುವ ಆಸೆಯಿದ್ದರೆ ಮೆಕ್ಲಾರೆನ್ ತೆಗೆದುಕೊಳ್ಳಿ. ರಸ್ತೆಯ ಮೇಲೆ ಜಿಟಿ3 ಆರ್‌ಎಸ್ ಒರಟು. ನೀವು ಬರೆದಿರುವುದು ಟ್ರ್ಯಾಕಿನ ಬಗ್ಗೆ ಮಾತ್ರವಾದ್ದರಿಂದ ಪೋರ್ಶೆಯೇ ಸರಿ.

ಪ್ರಶ್ನೆ: 765ಎಲ್‌ಟಿಯಲ್ಲಿ ಯಾಂತ್ರಿಕ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದು ಚಕ್ರ ಜಾರಿದಾಗ ಶಕ್ತಿಯೆಲ್ಲ ಅದರಲ್ಲೇ ಪೋಲಾಗದಂತೆ ತಡೆಯುವ ಸಾಧನ) ಇಲ್ಲವಂತೆ. ಟ್ರ್ಯಾಕಿಗೆಂದೇ ಮಾಡಿದ ಕಾರಿನಲ್ಲಿ ಇದು ಕೊರತೆಯಲ್ಲವೇ?

ಉತ್ತರ: ಕೊರತೆ ಎನ್ನುವುದಕ್ಕಿಂತ ಅದು ಬೇಕೆಂದೇ ಆರಿಸಿಕೊಂಡ ದಾರಿ. ತಿರುವಿನ ಒಳಬದಿಯ ಹಿಂದಿನ ಚಕ್ರಕ್ಕೆ ಲಘುವಾಗಿ ಬ್ರೇಕ್ ಹಾಕಿ ಕಾರನ್ನು ಒಳಕ್ಕೆ ತಿರುಗಿಸುವ ಉಪಾಯವನ್ನು ಮೆಕ್ಲಾರೆನ್ 1997ರ ತನ್ನ ಫಾರ್ಮುಲಾ ಒನ್ ಕಾರಿನಲ್ಲಿ ಗುಟ್ಟಾಗಿ ಬಳಸಿತ್ತು. ಎದುರಾಳಿಗಳ ತಕರಾರಿನ ಮೇಲೆ 1998ರಲ್ಲಿ ಅದಕ್ಕೆ ನಿಷೇಧ ಬಿತ್ತು. ಅದೇ ತತ್ವ ಇಲ್ಲಿ ಕಂಪ್ಯೂಟರಿನ ಕೈಯಲ್ಲಿ ಕೆಲಸ ಮಾಡುತ್ತದೆ. ತೂಕ ಉಳಿಯುತ್ತದೆ, ತಿರುವಿನೊಳಕ್ಕೆ ಕಾರು ಚುರುಕಾಗಿ ಹೊರಳುತ್ತದೆ. ಆದರೆ ನಿಲ್ಲಿಸಲೆಂದು ಇರುವ ಬ್ರೇಕಿಗೆ ತಿರುಗಿಸುವ ಕೆಲಸವೂ ಬೀಳುವುದರಿಂದ ಹಿಂದಿನ ಪ್ಯಾಡುಗಳನ್ನು ಪ್ರತಿ ಟ್ರ್ಯಾಕ್ ಡೇ ಆದಮೇಲೆ ತಪ್ಪದೆ ನೋಡಿಸಿ.

ಪ್ರಶ್ನೆ: ಜಿಟಿ3 ಆರ್‌ಎಸ್‌ನ ಸ್ಟೇರಿಂಗ್ ಮೇಲೆ ನಾಲ್ಕು ತಿರುಗುಗುಂಡಿಗಳಿವೆ. ಹೊಸಬರು ಅವನ್ನು ಮುಟ್ಟಬಹುದೇ?

ಉತ್ತರ: ಮುಟ್ಟಬಹುದು, ಆದರೆ ಒಂದು ಸೆಷನ್ನಿಗೆ ಒಂದನ್ನು ಮಾತ್ರ. ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಮತ್ತು ಸ್ಥಿರತೆಯ ಗುಂಡಿಗಳನ್ನು ಮೊದಮೊದಲು ಇದ್ದಲ್ಲಿಯೇ ಬಿಡಿ. ಡ್ಯಾಂಪರಿನ ಗುಂಡಿಯಿಂದ ಆರಂಭಿಸಿ: ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಕುಗ್ಗುವ ಹಾಗೂ ಹಿಗ್ಗುವ ಬಿಗಿಯನ್ನು ಬೇರೆಬೇರೆಯಾಗಿ ಬದಲಿಸಲು ಬರುತ್ತದೆ. ಕರ್ಬು ಹತ್ತಿದಾಗ ಕಾರು ಎಗರುತ್ತಿದ್ದರೆ ಕುಗ್ಗುವ ಬಿಗಿಯನ್ನು ಒಂದೆರಡು ಹಂತ ಸಡಿಲಿಸಿ ನೋಡಿ. ಡಿಫರೆನ್ಷಿಯಲ್ಲಿನ ಗುಂಡಿ ಕೊನೆಗಿರಲಿ, ಏಕೆಂದರೆ ಆಕ್ಸಿಲರೇಟರ್ ಬಿಟ್ಟಾಗಿನ ಬಿಗಿಯನ್ನು ಬದಲಿಸಿದರೆ ತಿರುವಿಗೆ ಇಳಿಯುವಾಗ ಹಿಂಭಾಗದ ನಡತೆಯೇ ಬೇರೆಯಾಗುತ್ತದೆ. ಯಾವುದನ್ನು ತಿರುಗಿಸುವ ಮುನ್ನವೂ ಟೈರುಗಳು ಬಿಸಿಯಿರುವಾಗಲೇ ಅವುಗಳ ಗಾಳಿಯನ್ನು ಅಳೆದು ಸರಿಪಡಿಸಿಕೊಳ್ಳಿ. ಅದು ತಪ್ಪಿದ್ದರೆ ಗುಂಡಿ ತಿರುಗಿಸಿದ್ದರಿಂದ ಏನಾಯಿತೆಂದು ತಿಳಿಯುವುದೇ ಇಲ್ಲ.