ಉತಾರದಲ್ಲಿ ಅಜ್ಜನ ಹೆಸರು, ಕೈಯಲ್ಲಿ ಮರಣ ಪತ್ರವಿಲ್ಲ: ಎಲ್ಲಿ, ಹೇಗೆ ಹುಡುಕಬೇಕು

ಗಜೇಂದ್ರಗಡ ತಾಲೂಕಿನ ಸಹೋದರರು ಕೇಳಿದ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತಿದ್ದೇನೆ. ಅವರ ಅಜ್ಜ 1986ರ ಸುಮಾರಿಗೆ ತೀರಿಕೊಂಡಿದ್ದಾರೆ. ಹೊಲದ ಉತಾರ, ಅಂದರೆ ಪಹಣಿ, ಇಂದಿಗೂ ಅಜ್ಜನ ಹೆಸರಿನಲ್ಲಿಯೇ ಉಳಿದಿರುವುದರಿಂದ ಬೆಳೆ ಸಾಲಕ್ಕೂ ಪರಿಹಾರಕ್ಕೂ ತೊಂದರೆಯಾಗುತ್ತಿದೆ. ವಾರಸಾ ಮಾಡಿಸಲು, ಅಂದರೆ ಹೊಲವನ್ನು ವಾರಸುದಾರರ ಹೆಸರಿಗೆ ತಿರುಗಿಸಲು, ಹೋದರೆ ಮರಣ ಪ್ರಮಾಣ ಪತ್ರ ಕೇಳುತ್ತಾರೆ. ಕಂಪ್ಯೂಟರ್ ಅಂಗಡಿಯವರು ಹೆಸರು ಹಾಕಿ ನೋಡಿ, ಆನ್‌ಲೈನಿನಲ್ಲಿ ಬರುತ್ತಿಲ್ಲ, ಆದ್ದರಿಂದ ದಾಖಲೆಯೇ ಇಲ್ಲ, ಹೊಸದಾಗಿ ಆದೇಶ ಮಾಡಿಸಬೇಕು ಎಂದು ಹೇಳಿದ್ದಾರೆ. ಮನೆಯಲ್ಲಿ ಕೆಲವರು ಅಜ್ಜ ಊರಲ್ಲಿಯೇ ತೀರಿಕೊಂಡರೆಂದೂ, ಕೆಲವರು ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಎಂದೂ ಹೇಳುತ್ತಾರೆ.

ಸಹೋದರರೇ, ಆನ್‌ಲೈನಿನಲ್ಲಿ ಕಾಣದಿರುವುದಕ್ಕೂ ದಾಖಲೆ ಇಲ್ಲದಿರುವುದಕ್ಕೂ ಯಾವ ಸಂಬಂಧವೂ ಇಲ್ಲ. ಜನನ ಮರಣ ನೋಂದಣಿ ಅಧಿನಿಯಮ 1969ರದು. ನಮ್ಮ ರಾಜ್ಯದಲ್ಲಿ ಅದು 1970ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಜನನ ಮರಣಗಳನ್ನು ಕಂಪ್ಯೂಟರಿನಲ್ಲಿ ನೋಂದಾಯಿಸುವ ಇ-ಜನ್ಮ ತಂತ್ರಾಂಶ ಬಂದದ್ದು ಅದಕ್ಕಿಂತ ಎಷ್ಟೋ ವರ್ಷಗಳ ನಂತರ. ನಡುವಿನ ದಶಕಗಳ ನೋಂದಣಿಗಳೆಲ್ಲ ಕೈಬರಹದ ಪುಸ್ತಕಗಳಲ್ಲಿವೆ, ಮತ್ತು ಅವುಗಳಲ್ಲಿ ಬಹಳಷ್ಟು ಇನ್ನೂ ಕಂಪ್ಯೂಟರಿಗೆ ಏರಿಲ್ಲ. ಆದ್ದರಿಂದ ಪುಸ್ತಕವನ್ನು ತೆರೆಸಿ ನೋಡುವವರೆಗೆ ಹೊಸ ನೋಂದಣಿಯ ಮಾತನ್ನು ದಯವಿಟ್ಟು ಎತ್ತಬೇಡಿ, ಮಧ್ಯವರ್ತಿಗಳಿಗೆ ಹಣವನ್ನೂ ಕೊಡಬೇಡಿ.

ಯಾವ ಪುಸ್ತಕ ಎಂಬುದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಮತ್ತು ಹೆಚ್ಚಿನ ಕುಟುಂಬಗಳು ಎಡವುವುದು ಇಲ್ಲಿಯೇ. ಮರಣವನ್ನು ಅದು ಸಂಭವಿಸಿದ ಸ್ಥಳದಲ್ಲಿ ನೋಂದಾಯಿಸುತ್ತಾರೆಯೇ ಹೊರತು ಮೃತರ ಸ್ವಂತ ಊರಿನಲ್ಲಿ ಅಲ್ಲ, ಅಂತ್ಯಕ್ರಿಯೆ ನಡೆದ ಊರಿನಲ್ಲಿಯೂ ಅಲ್ಲ. ಧಾರವಾಡ, ಗದಗ, ಹಾವೇರಿ ಈ ನಮ್ಮ ಮೂರೂ ಜಿಲ್ಲೆಗಳ ಹಳ್ಳಿಗಳಿಂದ ಕಾಯಿಲೆ ಜೋರಾದವರನ್ನು ಹುಬ್ಬಳ್ಳಿಗೆ ಒಯ್ಯುವುದು ಬಹಳ ಹಿಂದಿನಿಂದ ನಡೆದು ಬಂದಿದೆ. 1957ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು, ಅಂದರೆ ಮುಂದೆ ಕಿಮ್ಸ್ ಎಂದು ಹೆಸರಾದುದನ್ನು, ಹಿರಿಯರು ಇಂದಿಗೂ ಕೆಎಂಸಿ ಎನ್ನುತ್ತಾರೆ. ತಮ್ಮ ಅಜ್ಜ ಅಲ್ಲಿ ತೀರಿಕೊಂಡಿದ್ದರೆ, ಶವವನ್ನು ಊರಿಗೆ ತಂದು ಸ್ವಂತ ಹೊಲದಲ್ಲಿಯೇ ಮಣ್ಣು ಮಾಡಿದ್ದರೂ, ನಮೂದು ಇರುವುದು ಹುಬ್ಬಳ್ಳಿಯಲ್ಲಿ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ 1962ರಿಂದಲೇ ಇರುವುದರಿಂದ 1986ರ ಪುಸ್ತಕವನ್ನು ಪಾಲಿಕೆಯ ಜನನ ಮರಣ ವಿಭಾಗದಲ್ಲಿ ಕೇಳಬೇಕು. ಅದರ ಜೊತೆಗೆ ಆಸ್ಪತ್ರೆಯ ವೈದ್ಯಕೀಯ ದಾಖಲೆಗಳ ವಿಭಾಗದಲ್ಲಿಯೂ ವಿಚಾರಿಸಿ. ಹಳೆಯ ದಾಖಲಾತಿ ಪುಸ್ತಕ ಉಳಿದಿದ್ದರೆ ದಿನಾಂಕ ಅಲ್ಲಿಯೇ ಸಿಕ್ಕುತ್ತದೆ.

ಊರಲ್ಲಿಯೇ ತೀರಿಕೊಂಡಿದ್ದರೆ ಅಂದಿನ ತಲಾಟಿಯವರು, ಅಂದರೆ ಗ್ರಾಮ ಲೆಕ್ಕಿಗರು, ಬರೆದುಕೊಂಡಿರುತ್ತಾರೆ. ಹಳ್ಳಿಗಳ ಹಳೆಯ ಪುಸ್ತಕಗಳು ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಸೇರುತ್ತವೆ. ಇಲ್ಲಿ ತಮ್ಮ ಪ್ರಕರಣಕ್ಕೆ ನೇರವಾಗಿ ತಾಗುವ ಸಂಗತಿಯೊಂದಿದೆ. ಗಜೇಂದ್ರಗಡ ಈಚೆಗೆ ಆದ ತಾಲೂಕು; 1986ರಲ್ಲಿ ತಮ್ಮ ಹಳ್ಳಿ ರೋಣ ತಾಲೂಕಿನಲ್ಲಿತ್ತು. ಗಜೇಂದ್ರಗಡದ ಕಚೇರಿಯಲ್ಲಿ ಇಲ್ಲ ಎಂದರೆ ಅದನ್ನೇ ಕೊನೆಯ ಮಾತೆಂದು ತಿಳಿಯದೆ ರೋಣದ ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಡಿ. ಇದೇ ರೀತಿ ಲಕ್ಷ್ಮೇಶ್ವರದ ಹಳ್ಳಿಗಳವರು ಶಿರಹಟ್ಟಿಯಲ್ಲಿ, ಅಣ್ಣಿಗೇರಿಯವರು ನವಲಗುಂದದಲ್ಲಿ, ಅಳ್ನಾವರದವರು ಧಾರವಾಡದಲ್ಲಿ, ರಟ್ಟೀಹಳ್ಳಿಯವರು ಹಿರೇಕೆರೂರಿನಲ್ಲಿ ಕೇಳಬೇಕಾಗುತ್ತದೆ. ಗದಗ ಮತ್ತು ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ; ಅದಕ್ಕೆ ಮೊದಲಿನ ಜಿಲ್ಲಾ ಮಟ್ಟದ ಕಾಗದಪತ್ರಗಳ ಮೇಲೆ ಧಾರವಾಡ ಜಿಲ್ಲೆ ಎಂದೇ ಇರುತ್ತದೆ. ಗದಗ-ಬೆಟಗೇರಿ, ರಾಣೇಬೆನ್ನೂರು, ಹಾವೇರಿಯಂತಹ ಪಟ್ಟಣಗಳ ಒಳಗೆ ಆದ ಮರಣಗಳಿಗೆ ಆಯಾ ನಗರಸಭೆಯಲ್ಲಿಯೇ ಹುಡುಕಬೇಕು.

ಸ್ಥಳದ ಬಗ್ಗೆ ಮನೆಯಲ್ಲಿಯೇ ಎರಡು ಮಾತಿರುವಾಗ ಎರಡೂ ಕಡೆ ಅರ್ಜಿ ಕೊಡುವುದೇ ಸರಿಯಾದ ದಾರಿ. ಮಧ್ಯವರ್ತಿಗಳು ಕೆಲಸ ಸುಲಭವಾಗಲೆಂದು ಊರಲ್ಲಿಯೇ ತೀರಿಕೊಂಡರೆಂದು ಬರೆಸಿಬಿಡೋಣ ಎನ್ನುತ್ತಾರೆ. ಅದಕ್ಕೆ ಖಂಡಿತ ಒಪ್ಪಬೇಡಿ. ಗೊತ್ತಿದ್ದೂ ಸುಳ್ಳು ಮಾಹಿತಿ ಕೊಡುವುದು ಈ ಕಾನೂನಿನಲ್ಲಿಯೇ ದಂಡನೀಯವಾಗಿದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ ಮುಂದೆ ಅಣ್ಣತಮ್ಮಂದಿರ ವಾಟ್ನಿ ದಾವೆಯಲ್ಲಿ, ಅಂದರೆ ಆಸ್ತಿ ಪಾಲಿನ ದಾವೆಯಲ್ಲಿ, ಹುಬ್ಬಳ್ಳಿಯ ಹಳೆಯ ನಮೂದು ಹೊರಬಂದರೆ, ಒಂದೇ ಮರಣಕ್ಕೆ ಎರಡು ಊರು, ಎರಡು ದಿನಾಂಕ ಆಗುತ್ತವೆ. ಆಗ ವಾರಸಾವೇ ಅಲ್ಲಾಡುತ್ತದೆ.

ಇನ್ನು ದಿನಾಂಕದ ವಿಷಯ. ಪುಸ್ತಕ ವರ್ಷವಾರು, ತಿಂಗಳವಾರು ಇರುತ್ತದೆ. ಹೆಸರಿನ ಪ್ರಕಾರ ಸೂಚಿ ಇರುವುದು ಅಪರೂಪ. ಆದ್ದರಿಂದ 1986ರ ಸುಮಾರಿಗೆ ಎಂದು ಬರೆದರೆ ಹುಡುಕುವ ಗುಮಾಸ್ತರಿಗೆ ಕಷ್ಟ, ತಮಗೆ ನಷ್ಟ. ನಮ್ಮ ಕಡೆ ಹಿರಿಯರು ದಿನಾಂಕ ಹೇಳುವುದಿಲ್ಲ, ಶೀಗಿ ಹುಣ್ಣಿಮೆಯ ಮುಂದೆ, ಬಿತ್ತಿಗೆ ಮುಗಿದ ಮೇಲೆ, ಎಂದು ಹೇಳುತ್ತಾರೆ. ಅದು ಬಹಳ ಬೆಲೆಯುಳ್ಳ ಸುಳಿವು. ವರ್ಷ ಗೊತ್ತಾದರೆ ಆ ವರ್ಷದ ಪಂಚಾಂಗ ನೋಡಿ ಹಬ್ಬ ಯಾವ ತಿಂಗಳಲ್ಲಿ ಬಂದಿತ್ತೆಂದು ತಿಳಿಯಬಹುದು. ಅರ್ಜಿಯಲ್ಲಿ ಒಂದೇ ದಿನಾಂಕದ ಬದಲು ಹಿಂದಿನ ಒಂದು ವರ್ಷ ಮತ್ತು ಮುಂದಿನ ಒಂದು ವರ್ಷ ಸೇರಿಸಿ ಮೂರು ವರ್ಷಗಳ ಶೋಧನೆ ಕೇಳಿ. ಶೋಧನೆಗೆ ಶುಲ್ಕವಿದೆ, ಅದು ಹೆಚ್ಚಿನದಲ್ಲ. ಹೆಸರನ್ನೂ ಎರಡು ಮೂರು ರೀತಿಯಲ್ಲಿ ಕೊಡಿ. ಪುಸ್ತಕದಲ್ಲಿ ಅಡ್ಡಹೆಸರಿಲ್ಲದೆ ಬರೀ ಹೆಸರು ಮತ್ತು ತಂದೆಯ ಹೆಸರು ಇರಬಹುದು, ಬಸಪ್ಪ ಎನ್ನುವುದು ಬಸಣ್ಣ ಎಂದಾಗಿರಬಹುದು, ವಯಸ್ಸು ಅಂದಾಜಿನದಾಗಿರಬಹುದು.

ವರ್ಷವೇ ನೆನಪಿಲ್ಲದಿದ್ದರೆ ಅದನ್ನು ತಿಳಿಯಲು ಬೇರೆ ಕಾಗದಗಳಿವೆ. ಇವು ಯಾವುವೂ ಮರಣ ಪತ್ರದ ಜಾಗದಲ್ಲಿ ನಿಲ್ಲುವುದಿಲ್ಲ, ಆದರೆ ದಿನಾಂಕದ ಕಡೆಗೆ ಕೈಹಿಡಿದು ಒಯ್ಯುತ್ತವೆ, ಮುಂದೆ ಸಾಕ್ಷ್ಯವಾಗಿಯೂ ಬೇಕಾಗುತ್ತವೆ. ಅಜ್ಜಿಗೆ ವಿಧವಾ ವೇತನ ಮಂಜೂರಾಗಿತ್ತೇ ಎಂದು ಮೊದಲು ಕೇಳಿಕೊಳ್ಳಿ. ಆಗಿದ್ದರೆ ಗಂಡನ ಮರಣದ ಪುರಾವೆ ಆ ಕಡತಕ್ಕೆ ಸೇರಿರುತ್ತದೆ, ಮತ್ತು ಆ ಕಡತ ಇರುವುದು ತಾಲೂಕು ಕಚೇರಿಯಲ್ಲಿ. ಎರಡನೆಯದು ಊರಿನ ಕೃಷಿ ಪತ್ತಿನ ಸೊಸೈಟಿ. ಗದಗ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿಯೇ ಸಹಕಾರ ಸಂಘ ಹುಟ್ಟಿದ ನಾಡು ನಮ್ಮದು. ಸದಸ್ಯರು ತೀರಿಕೊಂಡ ಮೇಲೆ ಷೇರನ್ನೋ ಸಾಲವನ್ನೋ ವಾರಸುದಾರರ ಹೆಸರಿಗೆ ತಿರುಗಿಸಿದ ಠರಾವು ಹಳೆಯ ಪುಸ್ತಕದಲ್ಲಿ ಇದ್ದರೂ ಇರಬಹುದು. ಅಜ್ಜನ ಹೆಸರಿನ ಇನ್ನೊಂದು ಸರ್ವೆ ನಂಬರಿಗೆ ಅಥವಾ ಊರಿನ ಮನೆಗೆ ಹಿಂದೆಯೇ ವಾರಸಾ ಆಗಿದ್ದರೆ ಆ ವಾರಸಾ ಡೈರಿಯ, ಅಂದರೆ ಹಕ್ಕು ಬದಲಾವಣೆಯ ನಮೂದಿನ, ನಕಲು ತೆಗೆಸಿ. ಮೃತರಾದ ದಿನವನ್ನು ಡೈರಿಯಲ್ಲಿ ಬರೆಯುವ ರೂಢಿ ಇತ್ತು. ಅಜ್ಜ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿಯೋ ಬೇರೆ ಸರಕಾರಿ ನೌಕರಿಯಲ್ಲಿಯೋ ಇದ್ದವರಾದರೆ ಕುಟುಂಬ ಪಿಂಚಣಿಯ ಆದೇಶ ನೋಡಿ. ಹಾವು ಕಡಿದೋ, ಸಿಡಿಲು ಬಡಿದೋ, ಬಾವಿಗೆ ಬಿದ್ದೋ ತೀರಿಕೊಂಡಿದ್ದರೆ ಪೊಲೀಸ್ ಠಾಣೆಯಲ್ಲಿ ಅಸ್ವಾಭಾವಿಕ ಮರಣದ ಪ್ರಕರಣವೂ ಶವಪಂಚನಾಮೆಯೂ ಆಗಿರಬೇಕು.

ಹಳೆಯ ಪತ್ರಿಕೆಗಳ ನಿಧನ ವಾರ್ತೆಗಳಲ್ಲಿ ದಿನಾಂಕ ಸಿಕ್ಕೀತೇ ಎಂದು ನಮ್ಮ ಗುಂಪಿನ ಇನ್ನೊಬ್ಬ ಸದಸ್ಯರು ಕೇಳಿದ್ದಾರೆ. ಹುಬ್ಬಳ್ಳಿಯಿಂದ ಹೊರಡುವ ಸಂಯುಕ್ತ ಕರ್ನಾಟಕದಂತಹ ಪತ್ರಿಕೆಗಳಲ್ಲಿ ಊರಿನ ಪ್ರಮುಖರ, ಶಿಕ್ಷಕರ, ವ್ಯಾಪಾರಸ್ಥರ ನಿಧನದ ಸುದ್ದಿಗಳೂ ಶ್ರದ್ಧಾಂಜಲಿಯ ಜಾಹೀರಾತುಗಳೂ ಬಂದಿವೆ. ಆದರೆ ಸಾಮಾನ್ಯ ಒಕ್ಕಲು ಮನೆತನದವರ ಹೆಸರು ಅಲ್ಲಿ ಸಿಕ್ಕುವುದು ಕಡಿಮೆ. ತಿಂಗಳು ಖಚಿತವಾಗಿ ಗೊತ್ತಿದ್ದರೆ ಮಾತ್ರ ಆ ಕೆಲಸಕ್ಕೆ ಕೈಹಾಕಿ. ಅದಕ್ಕಿಂತ ಮನೆಯ ಟ್ರಂಕಿನಲ್ಲಿ ಶಿವಗಣಾರಾಧನೆಯ ಅಥವಾ ಪುಣ್ಯತಿಥಿಯ ಹಳೆಯ ಕಾರ್ಡು ಉಳಿದಿದೆಯೇ ಎಂದು ನೋಡುವುದು ಹೆಚ್ಚು ಫಲ ಕೊಡುತ್ತದೆ; ಬೀಗರ ಮನೆಯಲ್ಲಿಯೂ ಕೇಳಿ. ಕ್ರೈಸ್ತ ಕುಟುಂಬಗಳವರು ತಮ್ಮ ಚರ್ಚಿನ ಸಮಾಧಿ ಪುಸ್ತಕವನ್ನು ಮರೆಯಬಾರದು.

ಅರ್ಜಿಯನ್ನು ಬರೆದು ಕೊಡಿ, ಬಾಯಿಮಾತಿನಲ್ಲಿ ಕೇಳಿ ಬರಬೇಡಿ. ಬಾಯಿಮಾತಿಗೆ ಬರುವ ಉತ್ತರ ಇಲ್ಲ ಎಂಬ ಒಂದೇ ಶಬ್ದ, ಮತ್ತು ಅದರಿಂದ ತಮಗೆ ಯಾವ ಉಪಯೋಗವೂ ಇಲ್ಲ. ಪುಸ್ತಕದಲ್ಲಿ ನಮೂದನ್ನು ಹುಡುಕಿಸಿ ಅದರ ಪ್ರಮಾಣ ಪತ್ರವನ್ನು ಪಡೆಯುವ ಹಕ್ಕನ್ನು ಅಧಿನಿಯಮದ 17ನೇ ಕಲಮು ಯಾರಿಗೇ ಆಗಲಿ ಕೊಟ್ಟಿದೆ. ಆ ಕಲಮನ್ನು ಅರ್ಜಿಯಲ್ಲಿ ಉಲ್ಲೇಖಿಸಿ, ಸ್ವೀಕೃತಿ ಪಡೆಯಿರಿ. ಸಿಕ್ಕರೆ ನಮೂನೆ 6ರಲ್ಲಿ ಪ್ರಮಾಣ ಪತ್ರ ಕೊಡುತ್ತಾರೆ. ಅದರಲ್ಲಿ ಮರಣದ ಕಾರಣ ಇರುವುದಿಲ್ಲ, ಕಾನೂನೇ ಅದನ್ನು ಕೊಡಬಾರದೆಂದಿದೆ. ಸಿಗದಿದ್ದರೆ ನಮೂನೆ 10ರಲ್ಲಿ ಅಲಭ್ಯತಾ ಪ್ರಮಾಣ ಪತ್ರವನ್ನು ಕೇಳಿ ಪಡೆಯಿರಿ, ಮತ್ತು ಯಾವ ವರ್ಷದಿಂದ ಯಾವ ವರ್ಷದವರೆಗೆ ಹುಡುಕಲಾಗಿದೆ ಎಂಬುದು ಅದರಲ್ಲಿ ಇದೆಯೇ ಎಂದು ಅಲ್ಲಿಯೇ ಓದಿಕೊಳ್ಳಿ. ಉತ್ತರವೇ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕದೊಂದಿಗೆ, ತಮ್ಮ ಅರ್ಜಿಯ ಮೇಲೆ ಏನು ಕ್ರಮವಾಗಿದೆ ಮತ್ತು ಆ ವರ್ಷದ ಮರಣ ಪುಸ್ತಕ ಕಚೇರಿಯಲ್ಲಿ ಲಭ್ಯವಿದೆಯೇ ಎಂದು ಕೇಳಬಹುದು. ಪುಸ್ತಕ ಇದ್ದು ಹೆಸರಿಲ್ಲದಿರುವುದು ಬೇರೆ, ಪುಸ್ತಕವೇ ಇಲ್ಲದಿರುವುದು ಬೇರೆ. ಎರಡನೆಯದಾದರೆ ಅದನ್ನು ಬರಹದಲ್ಲಿಯೇ ಪಡೆಯಬೇಕು.

ಎರಡೂ ಕಡೆಯಿಂದ ಅಲಭ್ಯತಾ ಪತ್ರ ಬಂದ ಮೇಲೆ ಮಾತ್ರ ವಿಳಂಬ ನೋಂದಣಿಯ ದಾರಿ ಹಿಡಿಯಿರಿ. ಮರಣವಾಗಿ ಒಂದು ವರ್ಷ ಕಳೆದಿದ್ದರೆ ಮೊದಲು ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗಳ ಕೋರ್ಟಿಗೆ ಹೋಗಬೇಕಾಗಿತ್ತು. 2023ರ ತಿದ್ದುಪಡಿ ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಂತರ, ಮರಣ ಸಂಭವಿಸಿದ ಪ್ರದೇಶದ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿಯವರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿ ಆದೇಶ ಮಾಡಬೇಕೆಂದು ಕಾನೂನು ಹೇಳುತ್ತದೆ. ತಮ್ಮ ತಾಲೂಕಿಗೆ ಆ ಅಧಿಕಾರ ಯಾರ ಬಳಿ ಇದೆ ಎಂಬುದನ್ನು ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ, ಅಲಭ್ಯತಾ ಪತ್ರ, ವಂಶಾವಳಿ, ಮೇಲೆ ಹೇಳಿದ ಹಳೆಯ ಕಾಗದಗಳು ಮತ್ತು ಮಣ್ಣಿಗೆ ಬಂದಿದ್ದ ಇಬ್ಬರು ಹಿರಿಯರ ಸಾಕ್ಷ್ಯದೊಂದಿಗೆ ಅರ್ಜಿ ಸಲ್ಲಿಸಿ. ಆ ಹಿರಿಯರು ಗಟ್ಟಿಯಾಗಿರುವಾಗಲೇ ಈ ಕೆಲಸ ಆಗಬೇಕು ಎಂಬುದು ನನ್ನ ಕಳಕಳಿಯ ಮಾತು.

1970ಕ್ಕಿಂತ ಹಿಂದಿನ ಮರಣಗಳಿಗೆ ದಾರಿ ಇನ್ನಷ್ಟು ಕಠಿಣ. ಆಗ ಮುಂಬಯಿ ಪ್ರಾಂತದ ಪದ್ಧತಿಯಲ್ಲಿ ಹಳ್ಳಿಯ ಪೊಲೀಸ್ ಪಾಟೀಲರು ಜನನ ಮರಣ ಬರೆದಿಡುತ್ತಿದ್ದರು. ಸಂಸ್ಥಾನಗಳ ಕಾಲದಲ್ಲಿ ಸವಣೂರು ನವಾಬರದು, ಕುಂದಗೋಳ ಜಮಖಂಡಿಯದು, ಶಿರಹಟ್ಟಿ ಸಾಂಗಲಿಯದು, ಲಕ್ಷ್ಮೇಶ್ವರ ಮಿರಜದ್ದು ಆಗಿದ್ದುದರಿಂದ, 1948ಕ್ಕಿಂತ ಹಿಂದಿನ ಕಾಗದಗಳ ವಿಷಯದಲ್ಲಿ ಈ ಊರುಗಳ ರೀತಿಯೇ ಬೇರೆ. ಅಂತಹ ಪ್ರಕರಣಗಳಲ್ಲಿ ಮರಣ ಪುಸ್ತಕಕ್ಕಿಂತ ಹಳೆಯ ವಾರಸಾ ಡೈರಿಗಳನ್ನು ನೆಚ್ಚುವುದು ಮೇಲು. ಕೆಲವು ಮೋಡಿ ಎಂಬ ಹಳೆಯ ಮರಾಠಿ ಲಿಪಿಯಲ್ಲಿರುತ್ತವೆ, ಓದಿಸಲು ಬಲ್ಲವರನ್ನು ಹುಡುಕಬೇಕಾಗುತ್ತದೆ.

ಪ್ರಮಾಣ ಪತ್ರ ಕೈಗೆ ಬಂದ ದಿನವೇ ಅದನ್ನು ಉತಾರದ ಪಕ್ಕದಲ್ಲಿಟ್ಟು ಅಜ್ಜನ ಹೆಸರು, ಅವರ ತಂದೆಯ ಹೆಸರು, ಅಡ್ಡಹೆಸರು ಅಕ್ಷರಶಃ ಹೊಂದುತ್ತವೆಯೇ ನೋಡಿ. ವ್ಯತ್ಯಾಸವಿದ್ದರೆ 15ನೇ ಕಲಮಿನಡಿ ತಿದ್ದುಪಡಿಗೆ ಅದೇ ನೋಂದಣಾಧಿಕಾರಿಗಳಿಗೆ ಅರ್ಜಿ ಕೊಡಬಹುದು. ವಂಶಾವಳಿಯನ್ನು ಅದಾದ ಮೇಲೆಯೇ ಮಾಡಿಸಿ, ಮೂರೂ ಕಾಗದಗಳಲ್ಲಿ ಒಂದೇ ಹೆಸರು ಇರುವಂತೆ ನೋಡಿಕೊಂಡು ಪೌತಿಯ, ಅಂದರೆ ವಾರಸಾದ, ಅರ್ಜಿ ಹಾಕಿ. ಅತ್ತೆಯಂದಿರ, ಅಂದರೆ ಅಜ್ಜನ ಹೆಣ್ಣುಮಕ್ಕಳ, ಹೆಸರನ್ನು ವಂಶಾವಳಿಯಲ್ಲಿ ಬಿಡಬೇಡಿ. ರೋಣದಿಂದಲೋ ಹುಬ್ಬಳ್ಳಿಯಿಂದಲೋ ಬಂದ ಬರಹದ ಉತ್ತರದ ಫೋಟೋವನ್ನು, ಮನೆಯವರ ಹೆಸರು ಮುಚ್ಚಿ, ಇಲ್ಲಿ ಹಾಕಿದರೆ ಮುಂದಿನ ಅರ್ಜಿಯ ಒಕ್ಕಣೆಯನ್ನು ಬರೆದು ಕೊಡುತ್ತೇನೆ.