‘ಫಿಕ್ಸ್’ ಎಂದು ಬರೆದರೆ ಸಾಲದೆ?

ಪ್ರಶ್ನೆ: ನಾನು ತಂತ್ರಾಂಶದ ಕೆಲಸಕ್ಕೆ ಸೇರಿ ಆರು ತಿಂಗಳಾಯಿತು. ಕಮಿಟ್ ಮಾಡುವಾಗ, ಅಂದರೆ ಕೋಡ್‌ನ ಬದಲಾವಣೆಯನ್ನು ದಾಖಲಿಸುವಾಗ, ಅದರ ಸಂದೇಶದಲ್ಲಿ ‘ಫಿಕ್ಸ್’, ‘ಅಪ್‌ಡೇಟ್’ ಎಂದಷ್ಟೇ ಬರೆದರೆ ತಂಡದ ಹಿರಿಯರು ಒಪ್ಪದೆ ಹಿಂದಿರುಗಿಸುತ್ತಾರೆ. ಬದಲಾವಣೆಯೆಲ್ಲ ಡಿಫ್‌ನಲ್ಲಿಯೇ (ಹಳೆಯ, ಹೊಸ ಸಾಲುಗಳನ್ನು ಹೋಲಿಸಿ ತೋರಿಸುವ ಪಟ್ಟಿಯಲ್ಲಿ) ಕಾಣುವಾಗ ಅದನ್ನೇ ಮತ್ತೆ ಬರೆಯುವ ಅಗತ್ಯವೇನು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಡಿಫ್ ಏನನ್ನು ಹೇಳುವುದಿಲ್ಲ ಎಂಬುದು ನನಗೆ ಮನವರಿಕೆಯಾದದ್ದು ಕೋಡ್‌ನ ಒಂದೇ ಒಂದು ಸಾಲಿನಿಂದ. ಹಿಂದೆ ನಾನಿದ್ದ ತಂಡದಲ್ಲಿ ಯಾರೋ ಬ್ಯಾಂಕಿನ ಸರ್ವರ್‌ನ ಉತ್ತರಕ್ಕೆ ಕಾಯುವ ಅವಧಿಯನ್ನು 30 ಸೆಕೆಂಡಿನಿಂದ 90ಕ್ಕೆ ಏರಿಸಿದ್ದರು. ಕೋಡ್‌ನ ಬದಲಾವಣೆಗಳ ಇತಿಹಾಸ ಕಾಯ್ದಿಡುವ ಗಿಟ್ ತಂತ್ರಾಂಶದಲ್ಲಿ, ಸಾಲನ್ನು ಕೊನೆಗೆ ಬದಲಿಸಿದ ಕಮಿಟ್ ಯಾವುದೆಂದು ತೋರಿಸುವ ‘ಬ್ಲೇಮ್’ ಆಜ್ಞೆ ಕೊಟ್ಟು ನೋಡಿದರೆ, ಆ ಕಮಿಟ್‌ನ ಸಂದೇಶದಲ್ಲಿ ‘ಸಣ್ಣ ಬದಲಾವಣೆ’ ಎಂದಷ್ಟೇ ಇತ್ತು. ಬರೆದವರು ಕೆಲಸ ಬಿಟ್ಟು ಹೋಗಿದ್ದರು. ಕಾರಣ ಕಾಣದೆ ನಾನು ಅದನ್ನು ಮತ್ತೆ 30ಕ್ಕೆ ಇಳಿಸಿದೆ. ತಿಂಗಳ ಮೊದಲ ದಿನ ಸಂಬಳದ ಪಾವತಿಗಳೆಲ್ಲ ಒಟ್ಟಿಗೆ ಬಂದು ಆ ಸರ್ವರ್ ನಿಧಾನವಾದಾಗ, ಅರ್ಧಕ್ಕೆ ನಿಂತ ಪಾವತಿಗಳನ್ನು ಒಂದೊಂದಾಗಿ ಸರಿಪಡಿಸುತ್ತ ಇಡೀ ರಾತ್ರಿ ಕೂರಬೇಕಾಯಿತು. ‘ತಿಂಗಳ ಆರಂಭದಲ್ಲಿ ಉತ್ತರ ಬರಲು ಒಂದು ನಿಮಿಷಕ್ಕೂ ಹೆಚ್ಚು ಬೇಕು’ ಎಂದು ಬರೆದಿದ್ದರೆ ನಾನು ಆ ಸಾಲನ್ನು ಮುಟ್ಟುತ್ತಲೇ ಇರಲಿಲ್ಲ.

ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಅವರು 2005ರಲ್ಲಿ ಗಿಟ್ ಅನ್ನು ರೂಪಿಸಿದ್ದು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಕೆಲಸಕ್ಕಾಗಿ. ಪರಸ್ಪರ ಮುಖ ನೋಡದ ಸಾವಿರಾರು ಜನ ಸೇರಿ ಕಟ್ಟುವ ಆ ಯೋಜನೆಯಲ್ಲಿ ಕೋಡ್‌ನಷ್ಟೇ ನಿಷ್ಠುರವಾಗಿ ಅದರ ವಿವರಣೆಯನ್ನೂ ಪರಿಶೀಲಿಸುತ್ತಾರೆ: ತೊಂದರೆ ಏನಿತ್ತು, ಬಳಕೆದಾರರಿಗೆ ಅದು ಹೇಗೆ ತಟ್ಟುತ್ತಿತ್ತು ಎಂಬುದು ಮೊದಲು ಬರಬೇಕು, ಪರಿಹಾರ ಆಮೇಲೆ. ಹಿಂದಿನ ಕಮಿಟ್ ಒಂದರಿಂದ ಬಂದ ದೋಷವನ್ನು ತಿದ್ದಿದ್ದರೆ ‘ಫಿಕ್ಸಸ್’ ಎಂಬ ಸಾಲಿನಲ್ಲಿ ಆ ಕಮಿಟ್‌ನ ಗುರುತಿನ (ಪ್ರತಿ ಕಮಿಟ್‌ಗೂ ಗಿಟ್ ಕೊಡುವ ಉದ್ದನೆಯ ಸಂಕೇತದ) ಮೊದಲ 12 ಅಕ್ಷರಗಳನ್ನೂ ಅದರ ಶೀರ್ಷಿಕೆಯನ್ನೂ ಕೊಡುತ್ತಾರೆ. ಯಾವ ತಿದ್ದುಪಡಿ ಯಾವ ಹಳೆಯ ಆವೃತ್ತಿಗೆ ಬೇಕೆಂದು ನಿರ್ಧರಿಸುವವರಿಗೆ ಈ ಸಾಲೇ ದಾರಿ ತೋರುತ್ತದೆ.

ಸಾವಿರ ಕಮಿಟ್‌ಗಳಲ್ಲಿ ದೋಷ ನುಸುಳಿದ್ದು ಎಲ್ಲಿ ಎಂಬುದನ್ನು ಪ್ರತಿ ಸಲ ಪಟ್ಟಿಯನ್ನು ಅರ್ಧಕ್ಕೆ ಇಳಿಸುತ್ತ ಹುಡುಕುವ ಗಿಟ್ ಬೈಸೆಕ್ಟ್ ಆಜ್ಞೆ ಸುಮಾರು 10 ಪರೀಕ್ಷೆಗಳಲ್ಲಿ ಪತ್ತೆ ಮಾಡಿಕೊಡುತ್ತದೆ. ಸಿಕ್ಕಿದ ಕಮಿಟ್‌ನಲ್ಲಿ ‘ಅಪ್‌ಡೇಟ್’ ಎಂದಷ್ಟೇ ಇದ್ದರೆ, ಅದನ್ನು ತೆಗೆದುಹಾಕಿದಾಗ ಇನ್ನೇನು ಕೆಡುತ್ತದೆಂದು ತಿಳಿಯದೆ ಕೈಕಟ್ಟಿ ಕೂರಬೇಕಾಗುತ್ತದೆ.

ಆದ್ದರಿಂದ ನಿಮ್ಮ ಹಿರಿಯರು ಕೇಳುತ್ತಿರುವುದು ನ್ಯಾಯವಾದದ್ದೇ. ಮೊದಲ ಸಾಲು ಚಿಕ್ಕದಾಗಿರಲಿ, ಒಂದು ಸಾಲು ಖಾಲಿ ಬಿಟ್ಟು ಕಾರಣವನ್ನು ಬಿಡಿಸಿ ಬರೆಯಿರಿ. ಮೊದಲ ಸಾಲಿನಲ್ಲಿ ‘ಮತ್ತು’ ಎಂದು ಎರಡು ಕೆಲಸಗಳನ್ನು ಜೋಡಿಸಬೇಕಾಗಿ ಬಂದರೆ ಅದನ್ನು ಎರಡು ಕಮಿಟ್ ಮಾಡುವುದು ಲೇಸು. ಸಂದೇಶವನ್ನು ತಿದ್ದಿದರೆ ಕಮಿಟ್‌ನ ಗುರುತೇ ಬದಲಾಗುವುದರಿಂದ, ಅಮೆಂಡ್ ಮಾಡುವುದಿದ್ದರೆ ಇತರರು ಅದನ್ನು ತಮ್ಮ ಪ್ರತಿಗೆ ಎಳೆದುಕೊಳ್ಳುವ ಮೊದಲೇ ಮಾಡಿ ಮುಗಿಸಿರಿ.