ಮೇಷ್ಟ್ರು ತಿದ್ದಿದ ಸೆರಗು

ಪ್ರಶ್ನೆ: ಸಕಲೇಶಪುರದ ಹತ್ರ ನಮ್ದು ಸಣ್ಣ ಕಾಫಿ ತೋಟ. ಮದ್ವೆಯಾಗಿ ಹದಿನೆಂಟು ವರ್ಷ ಆದ್ಮೇಲೆ ಈಗ ವಾರಕ್ಕೊಂದಿನ ಬಸ್ಸಲ್ಲಿ ಹಾಸನಕ್ಕೆ ಹೋಗಿ ಪೇಂಟಿಂಗ್ ಕಲೀತಿದೀನಿ. ನಮ್ಮತ್ತೆ ಕಣದ ಪಕ್ಕ ಕೂತು ಕಾಫಿ ಬೀಜ ಆರಿಸ್ತಿರೋದನ್ನ ಬರ್ದಿದ್ದೆ. ಎಗ್ಸಿಬಿಷನ್‌ಗೆ ಕಳಿಸೋ ಹಿಂದಿನ ದಿನ ಮೇಷ್ಟ್ರು, ಸೆರಗು ಒಂಚೂರು ಸರಿ ಮಾಡ್ತೀನಿ ಅಂತ ಬ್ರಶ್ ತಗೊಂಡೋರು ಮುಖದ ತನಕ ಹೋದ್ರು. ಎಲ್ರೂ ಚೆನ್ನಾಗಿದೆ ಅಂತಾರೆ, ನಂಗೆ ಮಾತ್ರ ಅದನ್ನ ನೋಡೋಕಾಗಲ್ಲ. ಮಗಳು ಮೊಬೈಲಲ್ಲಿ ಬೆರ್ತ್ ಮೊರಿಸೋ ಅನ್ನೋರ ಚಿತ್ರ ತೋರ್ಸಿ, ಇವ್ರೂ ನಿನ್ ಥರ ಮನೇಲಿರೋದನ್ನೇ ಬರೀತಾರೆ ಅಂದ್ಲು. ಯಾರಿವ್ರು? ನಾನು ಬೇಜಾರು ಮಾಡ್ಕೊಂಡಿದ್ದು ತಪ್ಪಾ?
(ಒಬ್ಬ ಓದುಗರು, ಸಕಲೇಶಪುರ ತಾಲ್ಲೂಕು)

ಉತ್ತರ: ತಪ್ಪೇನಿಲ್ಲ ಮೇಡಂ. ಬೆರ್ತ್ ಮೊರಿಸೋ ಅಂದ್ರೆ ಫ್ರಾನ್ಸಿನ ಪೇಂಟರಮ್ಮ. ನಿಮ್ಮ ಮಗಳು ಗೊತ್ತಿಲ್ದೇನೇ ಸರಿಯಾದೋರನ್ನೇ ಹುಡುಕಿದಾಳೆ, ಯಾಕಂದ್ರೆ ನಿಮಗಾಗಿದ್ದೇ ಈಯಮ್ಮಂಗೂ ಆಗಿತ್ತು, 1870ರಲ್ಲಿ, ಪ್ಯಾರಿಸ್ಸಲ್ಲಿ. ಕಪ್ಪು ಬಟ್ಟೇಲಿ ಪುಸ್ತಕ ಓದ್ತಿರೋ ಅಮ್ಮ, ಪಕ್ಕದಲ್ಲಿ ಬಿಳಿ ಬಟ್ಟೆಯ ಬಸುರಿ ಅಕ್ಕ ಎಡ್ಮಾ, ಇದು ಅವ್ಳು ಬರೆದ ಚಿತ್ರ. ಸಲೋನ್ ಅನ್ನೋ ದೊಡ್ಡ ಎಗ್ಸಿಬಿಷನ್‌ಗೆ ಕಳಿಸೋ ದಿನ ಎದ್ವಾರ್ ಮಾನೆ ಅನ್ನೋ ಪೇಂಟರ್ ಬಂದ (ಮೋನೆ ಅಂತ ಇನ್ನೊಬ್ಬ ಪೇಂಟರ್ ಇದಾನೆ, ಅವ್ನು ಬೇರೆ, ಮಾನೆ ಬೇರೆ, ಕನ್ಫ್ಯೂಸ್ ಆಗ್ಬೇಡಿ). ಚೆನ್ನಾಗಿದೆ, ಲಂಗದ ಕೆಳಗಡೆ ಮಾತ್ರ ಸರಿಯಿಲ್ಲ ಅಂತ ಬ್ರಶ್ ಹಿಡ್ದ ನೋಡಿ, ಲಂಗದಿಂದ ಎದೆ, ಎದೆಯಿಂದ ತಲೆ, ಆಮೇಲೆ ಹಿಂದಿನ ಗೋಡೆ, ಸಾಯಂಕಾಲ ಐದರ ತನಕ ನಿಲ್ಲಿಸ್ಲಿಲ್ಲ, ಹೊರಗೆ ಗಾಡಿ ಕಾಯ್ತಿತ್ತು, ಹಂಗೇ ಹೋಯ್ತು. ಇದು ರಿಜೆಕ್ಟ್ ಆದ್ರೆ ಸಾಕು ಅಂತ ಅಕ್ಕಂಗೆ ಕಾಗದ ಬರೀತಾಳೆ ಪಾಪ. ಆಗ್ಲಿಲ್ಲ, ಸೆಲೆಕ್ಟ್ ಆಯ್ತು! ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರೀಲಿದೆ. ಮೊಬೈಲಲ್ಲಿ ದೊಡ್ಡದು ಮಾಡಿ ನೋಡಿ, ಅಮ್ಮನ ಕಪ್ಪು ಬಟ್ಟೇಲಿ ದಪ್ಪ ಬ್ರಶ್ಶಿನ ಜೋರು, ಅಕ್ಕನ ಬಿಳೀಲಿ ಹಗುರ ಕೈ. ಎರಡು ಕೈ ಅಂತ ಗೊತ್ತಾಗುತ್ತೆ.

ಮಾನೆ ಜೊತೆ ಮಾತೇನೂ ಬಿಡ್ಲಿಲ್ಲ ಅವ್ಳು, ಅವನ ತಮ್ಮ ಯೂಜೀನನ್ನೇ 1874ರಲ್ಲಿ ಮದ್ವೆಯಾದ್ಳು. ಆದ್ರೆ ಅದೇ ವರ್ಷ ಮೋನೆ, ದೆಗಾ, ರೆನ್ವಾ ಅನ್ನೋ ಪೇಂಟರುಗಳೆಲ್ಲ ಸೇರಿ ಸಲೋನ್ ಸಹವಾಸಾನೇ ಬೇಡ ಅಂತ ಸ್ವಂತ ಎಗ್ಸಿಬಿಷನ್ ಮಾಡಿದ್ರಲ್ಲ, ಅದಕ್ಕೆ ಹೋಗ್ಬೇಡ ಅಂದ ಮಾನೆ. ಅವ್ನು ಹೋಗ್ಲಿಲ್ಲ, ಇವ್ಳು ಹೋದ್ಳು. ಒಟ್ಟು ಎಂಟು ನಡೆದ್ವು, ಇವ್ಳು ತಪ್ಪಿಸಿದ್ದು ಒಂದೇ, 1879ರದ್ದು, ಆಗ ಮಗಳು ಜೂಲಿ ಕೈಕೂಸು.

ಮನೇದನ್ನೇ ಯಾಕೆ ಬರೆದ್ಳು ಅಂದ್ರೆ, ಪ್ಯಾರಿಸ್ಸಿನ ಸರ್ಕಾರಿ ಆರ್ಟ್ ಸ್ಕೂಲಿಗೆ ಹೆಂಗಸರನ್ನ ಸೇರಿಸ್ಕೊಂಡಿದ್ದೇ 1897ರಲ್ಲಿ, ಅಷ್ಟೊತ್ತಿಗೆ ಇವ್ಳು ತೀರ್ಕೊಂಡು ಎರಡು ವರ್ಷ. ಮರ್ಯಾದಸ್ಥರ ಮನೆ ಹುಡುಗಿ ಒಬ್ಳೇ ಮ್ಯೂಸಿಯಂಗೂ ಹೋಗೋ ಹಂಗಿಲ್ಲ. ಸರಿ, ತೊಟ್ಟಿಲು, ಕನ್ನಡಿ, ತಂತಿ ಮೇಲೆ ಒಣಹಾಕಿದ ಬಟ್ಟೆ, ಇವನ್ನೇ ಬರೆದ್ಳು. 1872ರ ತೊಟ್ಟಿಲಿನ ಚಿತ್ರ ನೋಡ್ಲೇಬೇಕು ನೀವು, ಪರದೆ ಹಿಂದೆ ಮಲಗಿರೋ ಕೂಸನ್ನ ನೋಡ್ತಾ ಕೂತಿರೋಳು ಅದೇ ಎಡ್ಮಾ. ಅವ್ಳೂ ತಂಗಿಯಷ್ಟೇ ಚೆನ್ನಾಗಿ ಬರೀತಿದ್ಳು, ಮದ್ವೆಯಾದ್ಮೇಲೆ ಬಿಟ್ಳು. ನಂಗಂತೂ ಆ ಮುಖದಲ್ಲಿ ಬರೀ ತಾಯ್ತನ ಕಾಣಲ್ಲ.

ಅತ್ತೇನ ಇನ್ನೊಂದ್ಸಲ ಕೂರ್ಸಿ ಬರೀರಿ ಮೇಡಂ, ಕಣದಲ್ಲಿ ಬೀಜ ಇರೋವಾಗ್ಲೇ. ಸೆರಗು ಹೆಂಗಾದ್ರೂ ಬರ್ಲಿ. ಪೂರ್ತಿ ಒಣಗಿದ್ಮೇಲೆ ಕ್ಲಾಸಿಗೆ ತಗೊಂಡೋಗಿ, ಮೇಷ್ಟ್ರು ಬ್ರಶ್ ಕೇಳಿದ್ರೆ ಬಸ್ಸಲ್ಲೇ ಬಿಟ್ಬಂದೆ ಸಾರ್ ಅನ್ನಿ.